ಸಫಾಳೆ ಘಾಟ್‌ದಾಗ ನೆಲಕ್ಕ ಕಾಲ ಊರದ ಸವಾರಿ

ನಾ ಸೈಕಲ್ ತೊಗೊಂಡು ಹೊರಗ ಬಿದ್ದ ದಿನ ಏನಾರ ಒಂದು ಆಗೇ ಆಗ್ತದ. ಆಗಲಿಲ್ಲಂದ್ರ ಮನಿ ಮುಟ್ಟೂದ್ರಾಗ ನಾನ ಒಂದು ತಯಾರ ಮಾಡ್ಕೊಂಡು ಬಂದಿರ್ತೀನಿ. ಖಾಲಿ ಕೈಲೆ ಮನಿಗೆ ಬರೂ ಸ್ವಭಾವ ನಂದಲ್ಲ. ಆದ್ರ ಈಗ ಹೇಳೂದು ಹೆಚ್ಚು ಕಡಿಮಿ ಖರೇನ ಅದ. ಹೆಚ್ಚು ಎಷ್ಟು, ಕಡಿಮಿ ಎಷ್ಟು ಅಂತ ಕೇಳಬ್ಯಾಡ್ರಿ.

೧. ಉಳ್ಳಾಗಡ್ಡಿ ಚೀಲ

ನಾ ಧಾರವಾಡ ಕಡೆಯಾಂವ. ಜೋಗೇಶ್ವರಿಯೊಳಗ ನಲವತ್ತು ವರ್ಷ ಲೇಥ್ ಮಷೀನ್ ಮುಂದ ನಿಂತು ರಿಟೈರ್ ಆದೆ. ನನ್ನ ಸೈಕಲ್ ಕರೇದು, ಗೇರಿಲ್ಲ, ಎತ್ತಬೇಕಂದ್ರ ಇಬ್ಬರು ಬೇಕು. ಆಯ್ತವಾರ ಬಂತಂದ್ರ ಅದನ್ನ ಲೋಕಲ್‌ದಾಗ ಹಾಕ್ಕೊಂಡು ವಿರಾರ್ ಆಚೆ ಹೋಗಿಬಿಡ್ತೀನಿ. ಅಲ್ಲಿ ಗುಡ್ಡದ ರಸ್ತೆಗೋಳು ಅವ ನೋಡ್ರಿ, ಎರಡೂ ಕಡೆ ಸಾಗವಾನಿ ಗಿಡ, ನಡುವ ಡಾಂಬರು, ಹಾರ್ನ್ ಇಲ್ಲ, ಸಿಗ್ನಲ್ ಇಲ್ಲ. ನನ್ನ ಚೈನ್ ಕಿರಗುಡೂದೊಂದ ಸಪ್ಪಳ.

ನಮ್ಮಾಕಿಗೆ ಮಾತ್ರ ಆ ಸೈಕಲ್ ಕಂಡ್ರ ಆಗಂಗಿಲ್ಲ. ಗ್ಯಾಲರಿಯೊಳಗ ಅದು ನಿಂತ ಜಾಗಾದಾಗ ವಾಷಿಂಗ್ ಮಷೀನ್ ಇಡಬೇಕು ಅಂತ ಆಕಿ ಹಟ.

ಒಂದ ಸಂಜಿ ಮೂರನೇ ಮಾಳಿಗಿ ಹಲ್ಲಿನ ಡಾಕ್ಟರ್ ಚಾಕ್ಕ ಬಂದಿದ್ದ. ಮಂಗಳೂರು ಕಡೆ ಹುಡುಗ, ಕನ್ನಡ ಪೂರಾ ತಿಳೀತದ, ಮಾತಾಡೂದು ಅರ್ಧಾ ಹಿಂದಿ. ಅವನ ಸೈಕಲ್ ಒಂದ ಬೆರಳಿಲೆ ಎತ್ತಬಹುದು, ಅಷ್ಟು ಹಗೂರ. "ಅಂಕಲ್, ಸಫಾಳೆ ಘಾಟ್ ಬಹುತ್ ಕಠಿಣ್ ಉಂಟು. ನಾನು ಎರಡು ಸಲ ನಿಂತೆ," ಅಂದ.

ನನಗ ತಡಕೊಳ್ಳಾಕ ಆಗಲಿಲ್ಲ. "ಎರಡು ಸಲ? ನಾ ಹೋದ ವರ್ಷ ಒಂದ ದಮ್ಮಿಗೆ ಹತ್ತೀನಿ. ಹಿಂದ ಕ್ಯಾರಿಯರ್ ಮ್ಯಾಲ ಉಳ್ಳಾಗಡ್ಡಿ ಚೀಲ ಬ್ಯಾರೆ ಇತ್ತು."

ಅಡಿಗಿಮನಿಯಿಂದ ದನಿ ಬಂತು. "ಆ ಉಳ್ಳಾಗಡ್ಡಿ ಯಾರ ಮನಿಗೆ ಹೋತ್ರಿ? ನಮ್ಮ ಮನಿಗಂತೂ ಬಂದಿಲ್ಲ."

ಆಮ್ಯಾಲ ಆಕಿನ ಹೊರಗ ಬಂದ್ಲು, ಕೈಯಾಗ ಸೌಟು. "ಮಳಿಗಾಲ ಹತ್ತೂದ್ರಾಗ ನನ್ನ ಕಣ್ಣ ಮುಂದ ಆ ಘಾಟ್ ಹತ್ತಿ ತೋರಿಸ್ರಿ. ಕೆಳಗಿಂದ ತುದಿ ತನಕ ನೆಲಕ್ಕ ಕಾಲ ಊರಬಾರದು. ಊರಿದ್ರಿ, ಸೈಕಲ್ ಹಳೇ ಕಬ್ಬಣ ತೊಗೊಳ್ಳೂ ಭಂಗಾರವಾಲಾಗ."

"ಹತ್ತಿದ್ರ?"

"ಹತ್ತಿದ್ರ ನಾ ಇರೂತನಕ ಅದರ ಸುದ್ದಿ ಎತ್ತಂಗಿಲ್ಲ. ಡಾಕ್ಟರ್ ಸಾಕ್ಷಿ."

ನಾ ಎದಿ ಉಬ್ಬಿಸಿ ಹೂಂ ಅಂದೆ. ಘಾಟ್ ಹತ್ತಿದ್ದು ಸುಳ್ಳಲ್ಲ. ಉಳ್ಳಾಗಡ್ಡಿ ಚೀಲಾನೂ ಸುಳ್ಳಲ್ಲ. ಸೈಕಲ್ಲೂ ಚೀಲಾನೂ ಟೆಂಪೋದಾಗ ಇದ್ವು, ನಾನೂ ಟೆಂಪೋದಾಗ ಇದ್ದೆ, ಅಷ್ಟ ಹೇಳೂದು ಉಳದಿತ್ತು.

೨. ಲಗೇಜ್ ಡಬ್ಬಾ

ರಿಹರ್ಸಲ್ ಮಾಡಬೇಕಲ್ಲ? ಮುಂದಿನ ಆಯ್ತವಾರ ನಾನೂ ಡಾಕ್ಟರೂ ಸೈಕಲ್ ತೊಗೊಂಡು ಲೋಕಲ್‌ನ ಲಗೇಜ್ ಡಬ್ಬಾ ಹತ್ತಿದ್ವಿ. ಅಲ್ಲಿ ಮೀನ ಮಾರೂ ಹೆಣ್ಣಮಕ್ಕಳದ ರಾಜ್ಯ. ಬುಟ್ಟಿ ಮ್ಯಾಲ ಬುಟ್ಟಿ, ನಡುವ ನಮ್ಮ ಸೈಕಲ್.

ಒಬ್ಬಾಕಿ ದಪ್ಪನ ಹೆಂಗಸು ಡಾಕ್ಟರನ ಸೈಕಲ್ಲಿನ ಸೀಟ್ ಒತ್ತಿ ನೋಡಿದ್ಲು. "ಎವಢಂಚ ಸೀಟ್? ಹ್ಯಾಚ್ಯಾವರ ಕಾಯ ಬಸಣಾರ?" ಇಷ್ಟ ಸೀಟಾ, ಇದರ ಮ್ಯಾಲ ಏನ ಕುಂದರ್ತೀ, ಅಂತ. ಡಬ್ಬಾ ಪೂರಾ ನಕ್ಕತು. ನನ್ನ ಸೀಟ್ ನೋಡಿ ಮಾತ್ರ ಖುಷ್ ಆಗಿ, "ಹೇ ಖರಂ ಸೀಟ್!" ಅಂದ್ಲು. ಆ ಸೀಟಿನ ಮರ್ಯಾದಿಗೆ ನನ್ನ ಸೈಕಲ್ ಬಿಟ್ಟು, ನೀರು ಸೋರೂ ಬೊಂಬಿಲ್ ಮೀನಿನ ಬುಟ್ಟಿ ಒಯ್ದು ಡಾಕ್ಟರನ ಹ್ಯಾಂಡಲ್‌ಗೆ ತೂಗಿಹಾಕಿದ್ಲು. ಅವ ಏನಾರ ಅಂತಾನೇನು? ಲಗೇಜ್ ಡಬ್ಬಾದಾಗ ಬಾಯಿ ಬಿಡೂ ಗಂಡಸು ಇನ್ನೂ ಹುಟ್ಟಿಲ್ಲ.

ಸಫಾಳೆಯೊಳಗ ಇಳದ್ವಿ. ಸ್ಟೇಷನ್ ಹೊರಗ ಮೀನ ವಾಸನಿಗೆ ಒಂದು ಬೆಕ್ಕು ಅವನ ಹಿಂದ ಬಿತ್ತು. ಮಾರ್ಕೆಟ್ ದಾಟೂದ್ರಾಗ ನಾಕು. ಘಾಟ್ ಕೆಳಗ ಮುಟ್ಟೂದ್ರಾಗ, ನನ್ನ ಲೆಕ್ಕದಾಗ, ಹದಿನಾರು. ಡಾಕ್ಟರ್‌ಗ ಸಣ್ಣಿದ್ದಾಗಿಂದ ಬೆಕ್ಕಂದ್ರ ಜೀವ ಹೋಗ್ತದ. ತಿರುಗಿ ಒಮ್ಮೆ ನೋಡಿದ, ಚೀರಿದ, ಹೋದ.

ಅವತ್ತು ಅವ ಘಾಟ್‌ದಾಗ ಒಮ್ಮೆನೂ ನಿಲ್ಲಲಿಲ್ಲ.

೩. ಕಟಗಿ ಹೊರಿ

ನನಗ ಬೆಕ್ಕಿನ ಸಹಾಯ ಇರಲಿಲ್ಲ. ಮೂರನೇ ತಿರುವಿನ್ಯಾಗ ಉಸರು ಬಾಯಿಗೆ ಬಂತು. ತಲಿ ಮ್ಯಾಲ ಕಟಗಿ ಹೊರಿ ಹೊತ್ತ ಒಬ್ಬ ಮುದುಕಿ ನನ್ನ ಬಾಜೂಕ್ಕ ನಡಕೊಂತ ಬಂದ್ಲು. ನಡಕೊಂತ! ಒಂದಿಷ್ಟು ಜೋಡಿ ಬಂದು, ಬ್ಯಾಸರ ಆಗಿ, ಮುಂದ ಹೋಗಿಬಿಟ್ಲು. ಹೋಗೂಮುಂದ ತಿರುಗಿ, "ಆಜೋಬಾ, ಪಂಚರ್ ಝಾಲಾ ಕಾ?" ಅಂದ್ಲು. ಅಜ್ಜಾ, ಪಂಚರ್ ಆತೇನು, ಅಂತ.

ಪಂಚರ್ ಆಗಿದ್ದು ಟಾಯರ್ ಅಲ್ಲ ತಾಯಿ, ನಾನು.

ನಾ ಕಾಲ ಊರಿದೆ. ಆಕಿ ಗುಡ್ಡದ ಮ್ಯಾಲ ಹೊರಿ ಇಳಿಸಿ ವಾಪಸ್ ಬರೂದ್ರಾಗ ನಾ ಇನ್ನೂ ಅಲ್ಲೇ ಕುಂತಿದ್ದೆ. ನನ್ನ ನೋಡಿ ಕನಿಕರ ಬಂದು, ಕೈಲೆ ಹಾವು ಹೋದಂಗ ಮಾಡಿ ತೋರಿಸಿದ್ಲು. ನೆಟ್ಟಗ ಏರಬ್ಯಾಡ, ರಸ್ತೆದಾಗ ಈ ಕಡೆಯಿಂದ ಆ ಕಡೆ ಹಾವಿನಂಗ ಹೋಗು, ಗುಡ್ಡ ತಾನ ಸಣ್ಣದಾಗ್ತದ ಅಂತ. ಗಾಡಿ ಇಲ್ಲದ ರಸ್ತೆ, ಹಾವಾಗಾಕ ಏನ ಅಡ್ಡಿ? ಅವತ್ತು ಐದನೇ ತಿರುವಿನ ತನಕ ಹೋದೆ. ಏಳು ತಿರುವು ಅವ.

ಮನಿಗೆ ಬಂದ ಕೂಡ್ಲೆ ನಮ್ಮಾಕಿ ಕೇಳಿದ್ಲು, "ಹೆಂಗಾತ್ರಿ?"

"ಘಾಟ್‌ದಾಗ ಒಂದ ಗಾಡೀನೂ ನನ್ನ ಹಿಂದ ಹಾಕಲಿಲ್ಲ," ಅಂದೆ.

ಡಾಕ್ಟರ್ ಚಾ ಕುಡಿಯಾಕತ್ತಿದ್ದ. ಅವನ ಮೂಗಿನಿಂದ ಚಾ ಬಂತು.

೪. ದೇವಿ ಕಟ್ಟಿ

ಪರೀಕ್ಷಾ ದಿನ ಬಂತು. ಸಫಾಳೆ ಸ್ಟೇಷನ್ನಿನ್ಯಾಗ ನಮ್ಮಾಕಿ ಒಂದು ರಿಕ್ಷಾ ಮಾಡಿದ್ಲು. ನಾ ಮುಂದ, ರಿಕ್ಷಾ ಹಿಂದ, ಡಾಕ್ಟರ್ ಬಾಜೂಕ್ಕ. ನಮ್ಮಾಕಿ ರಿಕ್ಷಾದಿಂದ ತಲಿ ಹೊರಗ ಹಾಕಿ ನನ್ನ ಎರಡೂ ಕಾಲ ಮ್ಯಾಲ ಕಣ್ಣಿಟ್ಟು ಕುಂತಿದ್ಲು. ಮದವಿಯಾದ ಹೊಸದಾಗೂ ಆಕಿ ನನ್ನ ಅಷ್ಟು ನೋಡಿದ್ದಿಲ್ಲ.

ಹಾವಾಗಿ ಹಾವಾಗಿ ನಾಕನೇ ತಿರುವು ಮುಟ್ಟಿದೆ. ಅಲ್ಲಿ ರಸ್ತೆ ಅಗಲ ಅದ, ಸ್ವಲ್ಪ ಸಪಾಟ. ನಟ್ಟನಡುವ ಒಂದು ದೊಡ್ಡ ಆಲದ ಗಿಡ, ಗಿಡದ ಬುಡಕ್ಕ ಕಟ್ಟಿ, ಕಟ್ಟಿ ಮ್ಯಾಲ ಶೇಂದೂರ ಬಳದ ದೇವಿ ಕಲ್ಲು. ಆ ಘಾಟ್‌ದಾಗ ಯಾವ ಡ್ರೈವರ್ ಇದ್ರೂ ಅಲ್ಲಿ ಇಳದು, ಚಪ್ಪಲಿ ಬಿಟ್ಟು, ಕೈ ಮುಗದ ಮುಂದ ಹೋಗೂದು. ರಿಕ್ಷಾ ನಿಂತುಬಿಡ್ತು.

"ಇಳೀರಿ!" ನಮ್ಮಾಕಿ ಒದರಿದ್ಲು. "ದೇವಿ ಮುಂದ ಹಂಗ ಹೊಂಟೀರಲ್ಲ, ಕೈ ಮುಗೀರಿ!"

"ಇಳದ್ರ ಸೈಕಲ್ ಹೋಗ್ತದಲ್ಲ!"

"ಶರತ್ತು ಬ್ಯಾರೆ, ದೇವಿ ಬ್ಯಾರೆ!"

ನೋಡ್ರಿ ನನ್ನ ಹಣೇಬಾರ. ಇಳದ್ರ ಶರತ್ತು ಹೋತು. ಇಳೀದ ಹೋದ್ರ ದೇವಿ ಸಿಟ್ಟು, ಅದಕ್ಕಿಂತ ದೊಡ್ಡದು ಹೆಂಡತಿ ಸಿಟ್ಟು. ಆಕೀನ ಬಿಟ್ಟು ಮುಂದ ಹೋದ್ರ, ನಾ ನೋಡಿಲ್ಲ ಅಂತ ಆಕಿ ತಕರಾರು. ಹ್ಯಾಂಡಲ್ ಬಲಕ್ಕ ತಿರುವಿ ಕಟ್ಟಿ ಸುತ್ತ ಹೊಂಟೆ.

"ಏನ ಮಾಡಾಕತ್ತೀರಿ?"

"ಪ್ರದಕ್ಷಿಣಿ! ಇದನ್ನ ನಡಕೊಂತ ಹಾಕಬೇಕು ಅಂತ ಎಲ್ಲಿ ಬರದದ?"

ಆಕಿ ರಿಕ್ಷಾ ಇಳದ್ಲು. "ಚಪ್ಪಲಿನಾರ ಬಿಡ್ರಿ!" ಅಂದ್ಲು. ನಡಸ್ಕೊಂತನ ಕಾಲ ಝಾಡಿಸಿದೆ. ಒಂದು ಚಪ್ಪಲಿ ಗಟಾರಕ್ಕ, ಇನ್ನೊಂದು ಡಾಕ್ಟರನ ಹೆಲ್ಮೆಟ್ ಮ್ಯಾಲ.

ಇನ್ನ ಆಕಿ ಪೂಜಾ ಸುರು ಆತು. ದೀಪಾ ಹಚ್ಚಿದ್ಲು, ಗಾಳಿಗೆ ಆರಿತು. ಮತ್ತ ಹಚ್ಚಿದ್ಲು, ಮತ್ತ ಆರಿತು. ನಂದು ಐದನೇ ಸುತ್ತು. ಕುಂಕಮಾ, ಊದಿನಕಡ್ಡಿ. ಎಂಟನೇದು. ಆರತಿ ಹಾಡು ಹಿಡದ್ಲು, ಒಂದ ನುಡಿ ಬಿಡಲಿಲ್ಲ.

ಅಷ್ಟರಾಗ ಕೊಡಾ ಹೊತ್ತ ಹಳ್ಳಿ ಹೆಣ್ಣಮಕ್ಕಳು ಬಂದ್ರು. ಬೆಳ್ಳಗಿನ ಕೂದಲಾ, ಬರಿಗಾಲು, ದೇವಿ ಸುತ್ತ ಸೈಕಲ್ ಮ್ಯಾಲ ತಿರುಗೂ ಮುದಕ. ಅವರು ರಿಕ್ಷಾದಾವನ್ನ ಕೇಳಿದ್ರು, "ಆಜೋಬಾಂಚಾ ನವಸ ಆಹೇ ಕಾ?" ಹರಕಿ ಏನು, ಅಂತ.

ರಿಕ್ಷಾದಾಂವ ಇದ್ದದ್ದನ್ನ ಇದ್ದಂಗ ಹೇಳಿದ. ಮುಂಬೈಯಿಂದ ಬಂದಾರ, ತುದಿ ಮುಟ್ಟೂತನಕ ನೆಲಕ್ಕ ಕಾಲ ಊರೂ ಹಂಗಿಲ್ಲ, ಮನಿಯವರು ಸಾಕ್ಷಿಗೆ ಕೂಡ ಬಂದಾರ.

ಕೊಡಾ ಕೆಳಗ ಇಳದ್ವು. ಒಬ್ಬಾಕಿ ನನ್ನ ಗಾಲಿ ಮುಂದ ನೀರು ಹಾಕಿದ್ಲು. ಇನ್ನೊಬ್ಬಾಕಿ ಓಡ್ಕೊಂತ ಬಂದು ಹ್ಯಾಂಡಲ್‌ಗೆ ಕುಂಕಮಾ ಹಚ್ಚಿದ್ಲು. ದೇವಿ ಕೊಳ್ಳಾಗಿನ ಚೆಂಡು ಹೂವಿನ ಮಾಲಿ ನನ್ನ ಕೊಳ್ಳಿಗೆ ಬಂತು. ಯಾರೋ ಟೆಂಗಿನಕಾಯಿ ಒಡದ್ರು. ನನಗ ಸುಳ್ಳು ಹೇಳದನ ಮರ್ಯಾದಿ ಸಿಕ್ಕಿದ್ದು ಜನ್ಮದಾಗ ಅದ ಮೊದಲು.

ಆರತಿ ಮುಗೀತು. ನಾ ಘಾಟ್ ಕಡೆ ತಿರುಗಿದೆ. ಊರ ಹೊಂಟಿತು ನನ್ನ ಹಿಂದ, ಚಪ್ಪಾಳಿ ಹೊಡಕೊಂತ. ನಮ್ಮಾಕೀನೂ ರಿಕ್ಷಾ ಬಿಟ್ಟು, ಬರಿಗಾಲಿಲೆ, ದೀಪಾ ಹಿಡಕೊಂಡು ನಡದ್ಲು. ಕಡೀ ತಿರುವು ಗ್ವಾಡಿ ನಿಂತಂಗ ನಿಂತದ. ಸೈಕಲ್ ನಿಂತ ಬಿಡ್ತು ಅನ್ನೂಹಂಗಾತು, ಹ್ಯಾಂಡಲ್ ಗಡಗಡ, ಎಡಗಾಲು ಪೆಡಲ್ ಬಿಟ್ಟಿತು. ಡಾಕ್ಟರ್ ಹಿಡಿಯಾಕ ಬಂದ. "ಹಾತ ಲಾವೂ ನಕಾ!" ಅಂತ ಹೆಣ್ಣಮಕ್ಕಳೆಲ್ಲಾ ಒದರಿದ್ರು. ಕೈ ಹಚ್ಚಿದ್ರ ಹರಕಿ ಮುರೀತದಲ್ಲ!

ಅವರೆಲ್ಲಾರಕಿಂತ ಜೋರ ಒಂದು ದನಿ ಬಂತು. "ತುಳೀರಿ! ಎಡಕ್ಕ ಹೊರಳ್ರಿ! ಕಾಲ ಊರಿದ್ರ ನೋಡ್ರಿ ಮತ್ತ! ತುಳೀರೀ!"

ನನ್ನ ಸೈಕಲ್ ಭಂಗಾರಕ್ಕ ಹಾಕಾಕ ಬಂದಾಕಿ ಆಕಿನ.

ತುಳದೆ. ಎಲ್ಲಿಂದ ಬಂತೋ ಶಕ್ತಿ, ತುದಿ ಮುಟ್ಟಿದೆ. ಮುಟ್ಟಿದ ಮ್ಯಾಲೂ ಇಳೀಲಿಲ್ಲ, ಆಕಿ ಸುತ್ತ ತಿರುಗಿದೆ. "ಮೊದಲ ಬಾಯಿ ಬಿಟ್ಟು ಹೇಳು."

"ಗೆದ್ರಿ, ಗೆದ್ರಿ, ಇಳೀರಿನ್ನ," ಅಂದ್ಲು, ಕಣ್ಣು ಒರಸ್ಕೊಂತ. ದೀಪದ ಹೊಗಿ ಅಂತ.

ಈಗ ಸೈಕಲ್ ಗ್ಯಾಲರಿಯೊಳಗ ರಾಜನಂಗ ಅದ. ವಾಷಿಂಗ್ ಮಷೀನ್ ಹಾಲಿನ್ಯಾಗ, ಟೀವಿ ಬಾಜೂಕ್ಕ. ಹೋದ ವಾರ ಬೆಳಗಾವಿಯಿಂದ ಆಕಿ ತಂಗಿ ಬಂದಿದ್ಲು. "ಖರೇ ಹೇಳ್ರಿ ಮಾಮಾ, ಎಷ್ಟು ಪ್ರದಕ್ಷಿಣಿ ಹಾಕಿದ್ರಿ?" ಅಂತ ಕೇಳಿದ್ಲು. ಹನ್ನೊಂದು ಹಾಕಿದ್ದೆ. ಇದೊಂದರಾಗರ ಸುಳ್ಳು ಬ್ಯಾಡ ಅಂತ ಬಾಯಿ ತಗದೆ.

ನಮ್ಮಾಕಿ ನನ್ನ ತೊಡಿ ಮ್ಯಾಲ ಕೈ ಇಟ್ಟು ಸುಮ್ಮನಿರಿಸಿ, ತಂಗಿಗೆ ಅಂದ್ಲು, "ನೂರಾ ಎಂಟು. ನಾನ ಕುಂತು ಎಣಿಸೀನಿ."