ಎಲಾದಿಯೊ ಮೇಷ್ಟ್ರು ತಿದ್ದಹೋದ ಪಾರ್ಸೆಲ್

ಎಲಾದಿಯೊ ಮೇಷ್ಟ್ರಿಗೆ ತಪ್ಪು ಕಂಡರೆ ಸಾಕು, ಮೈಯೆಲ್ಲ ತುರಿಕೆ. ಎನ್‌ಕರ್ನಸಿಯೊನ್ ಊರಿನ ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಸಿ ಅವರು ನಿವೃತ್ತರಾಗಿದ್ದರೂ ಅವರ ಕೆಂಪು ಪೆನ್ನು ನಿವೃತ್ತವಾಗಿರಲಿಲ್ಲ. ಬೇಕರಿಯ ಬೋರ್ಡು, ಪಾದ್ರಿಗಳ ಕರಪತ್ರ (ಹೆಂಡತಿ ಕೊಟ್ಟ ಸಾಮಾನಿನ ಚೀಟಿ ಕೂಡ) ಯಾವುದನ್ನೂ ತಿದ್ದದೆ ಬಿಟ್ಟವರಲ್ಲ.

ಈಚೆಗೆ ಬೀದಿಯವರಿಗೆಲ್ಲ "ನಿಮ್ಮ ಪಾರ್ಸೆಲ್ ಬಂದಿದೆ, ಜೊತೆಗಿರುವ ರಸೀದಿ ತೆರೆಯಿರಿ" ಎಂಬ ಸುಳ್ಳು ಇ-ಮೇಲ್‌ಗಳು ಬರತೊಡಗಿದ್ದೇ ತಡ, ಮೇಷ್ಟ್ರಿಗೆ ಲೋಕೋದ್ಧಾರದ ಯೋಗ ಒದಗಿತು. ಮಾವಿನ ಮರದಡಿ ಕೂತು, ತೆರೆರೆ ಎಂಬ ತಣ್ಣನೆಯ ಸೊಪ್ಪಿನ ಪಾನೀಯ ಗುಟುಕರಿಸುತ್ತ ನೆರೆಯವರಿಗೆ ಉಪದೇಶಿಸಿದರು:

"ಮೊದಲು ಕಾಗುಣಿತ ನೋಡಿ. ಕಳ್ಳರಿಗೆ ವ್ಯಾಕರಣ ಬರೋಲ್ಲ. ಗುರುತಿಲ್ಲದವರು ಕಳಿಸಿದ್ದನ್ನ ಮುಟ್ಟಲೇಬೇಡಿ. ಮುಟ್ಟಿದ್ರೋ, ಕಂಪ್ಯೂಟರಿಗೆ ವೈರಸ್ ಬಡೀತು ಅಂತಲೇ ಲೆಕ್ಕ!"

ಮರುದಿನ ಅವರಿಗೇ ಒಂದು ಬಂತು. ಸಾಲುಸಾಲಿಗೂ ತಪ್ಪು! ಮೇಷ್ಟ್ರು ಹಿರಿಹಿರಿ ಹಿಗ್ಗಿದರು.

"ಸುನಿಲ್ಡಾ, ಬಾರೇ ಇಲ್ಲಿ! ಹೊರಗೇ ಇಷ್ಟು ತಪ್ಪಿದ್ರೆ ಒಳಗಿನ ರಸೀದೀಲಿ ಇನ್ನೆಷ್ಟಿರಬೇಡ!"

"ಮುಟ್ಟಬೇಡಿ ಅಂತ ನಿನ್ನೆ ಊರಿಗೆಲ್ಲ ಸಾರಿದೋರು ಯಾರು?" ಎಂದಳು ಹೆಂಡತಿ, ಚಿಪಾ ರೊಟ್ಟಿಗೆ ಹಿಟ್ಟು ನಾದುತ್ತ.

"ಅದು ಸಾಮಾನ್ಯರಿಗೆ ಕಣೇ. ನಾನು ತಿದ್ದೋಕೆ ತಾನೇ ತೆರೀತಿರೋದು!"

ತೆರೆದರು. ರಸೀದಿ ಬರಲಿಲ್ಲ. ಪರದೆ ಒಮ್ಮೆ ಮಿಣುಕಿ ಕಪ್ಪಾಯಿತು. ಕೀಲಿಮಣೆ ಕುಟ್ಟಿದರು, ವೈರು ಕಿತ್ತು ಮತ್ತೆ ಸಿಕ್ಕಿಸಿದರು. ಕೊನೆಗೆ ಏನೂ ಅರಿಯದವರಂತೆ ಕಂಪ್ಯೂಟರಿಗೆ ಟವೆಲ್ ಹೊದಿಸಿ ಮಧ್ಯಾಹ್ನದ ನಿದ್ದೆಗೆ ಹೋದರು.

ಎದ್ದಾಗ ಬಾಗಿಲಲ್ಲಿ ಸಂತೆ ನೆರೆದಿತ್ತು. ವೈರಸ್ಸು ಮೇಷ್ಟ್ರ ಹೆಸರಲ್ಲೇ ಬೀದಿಗೆಲ್ಲ 'ಉಡುಗೊರೆ ಪಾರ್ಸೆಲ್' ಹಂಚಿಬಿಟ್ಟಿತ್ತು!

"ಏನ್ ಕಳಿಸಿದ್ರಿ ಮೇಷ್ಟ್ರೇ?" ಫೋಟೋ ಸ್ಟುಡಿಯೋದ ಪೆತ್ರೋನಾ ಹೆಚ್ಚುಕಡಿಮೆ ಅತ್ತೇಬಿಟ್ಟಳು. "ತೆರೆದಿದ್ದೇ ತಡ ನನ್ನ ಕಂಪ್ಯೂಟರ್ ಕಪ್ಪಾಯ್ತು. ನಾಳೆ ಕೊಡಬೇಕಾದ ಮದುವೆ ಫೋಟೋಗಳೆಲ್ಲ ಒಳಗೇ ಸಿಕ್ಕಾಕ್ಕೊಂಡಿವೆ!"

"ಅದರಲ್ಲಿ... ತಪ್ಪುಗಳಿರಲಿಲ್ವಾ?"

"ತುಂಬ್ಕೊಂಡಿದ್ವು. ಆದ್ರೆ ನಿಮ್ಮ ಬರವಣಿಗೇಲಿ ತಪ್ಪು ಹುಡುಕೋಕೆ ನಾವ್ಯಾರು? ವ್ಯಾಕರಣವೇ ಬದಲಾಯ್ತೇನೋ ಅಂದ್ಕೊಂಡ್ವಿ."

ಮೇಷ್ಟ್ರ ಮುಖ ಹುಳ್ಳಗಾಯಿತು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎಂಬಂತೆ ಹೆಂಡತಿಯತ್ತ ತಿರುಗಿದರು.

"ನಿನ್ನ ಮೊಬೈಲಿಗೂ ಬಂದಿರಬೇಕಲ್ಲ?"

"ಬಂತು. ಆಗಲೇ ಅಳಿಸಿ ಹಾಕಿದೆ."

"ಭೇಷ್! ನೋಡಿದ್ರಾ, ಕಾಗುಣಿತದ ಮಹಿಮೆ!"

"ಕಾಗುಣಿತ ಯಾರು ನೋಡಿದ್ರು? 'ಪ್ರೀತಿಯ ಸುನಿಲ್ಡಾ, ನಿನಗೊಂದು ಉಡುಗೊರೆ ಕಳಿಸಿದ್ದೇನೆ' ಅಂತಿತ್ತು." ಅವಳು ಹಿಟ್ಟಿನ ಕೈ ಒರೆಸಿಕೊಂಡಳು. "ಇದು ನನ್ನ ಗಂಡ ಬರೆದದ್ದಲ್ಲ ಅನ್ನೋಕೆ ಅಷ್ಟು ಸಾಲದಾ?"