ರಾಜಾಜಿನಗರದ ಕಸಿಮಾವು

ಗಿಡಕ್ಕೆ ಬಾಯಿಲ್ಲ, ಅದರ ಪರವಾಗಿ ಮನುಷ್ಯರು ಮಾತಾಡುತ್ತಾರೆ. ತೋಟಗಾರಿಕೆಯ ನೌಕರಿಯಲ್ಲಿ ನಾನು ಒಳಗೊಳಗೇ ನಕ್ಕದ್ದೆಲ್ಲ ಇದರಿಂದಲೇ. ಐವತ್ತರ ದಶಕದಲ್ಲಿ ರಾಜಾಜಿನಗರ ಇನ್ನೂ ಅರ್ಧ ಬಡಾವಣೆ, ಅರ್ಧ ಹೊಲ. ಅಲ್ಲಿ ಮಾದರಿಗೆಂದು ಒಂದು ಕಸಿಮಾವು ಬೆಳೆಸಿ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. "ಇದು ಸತ್ತರೆ ನಿಮಗೆ ವರ್ಗ," ಎಂದಿದ್ದರು ಸಾಹೇಬರು. ಹೆಂಡತಿ ಅಂದೇ ಪಾತ್ರೆ ತುಂಬಲು ಗೋಣಿಚೀಲ ಹುಡುಕಿದಳು.

ಭಾಷಣ

ಮೊದಲು ಜನರನ್ನು ಕೂಡಿಸಿ, ಸಮಾಜಕ್ಕೆ ತೋಟಗಾರಿಕೆ ಯಾಕೆ ಬೇಕೆಂದು ಹೇಳಿದೆ. ಹಣ್ಣು ಮಕ್ಕಳ ಮೈಗೆ, ನೆರಳು ದಾರಿಹೋಕರಿಗೆ, ಹೂವು ಎಷ್ಟೋ ಮನೆಗಳ ಅನ್ನಕ್ಕೆ ಎಂದೆ. ಸಂಜೆಗಾಳಿ ಬೀಸುತ್ತಿತ್ತು, ಬಿನ್ನಿಪೇಟೆಯ ಕಡೆಯಿಂದ ಗಿರಣಿಯ ಕೂಗು ತೇಲಿ ಬಂತು. ಹೇಳುತ್ತ ಹೇಳುತ್ತ ಆ ಬಯಲೆಲ್ಲ ನನಗೆ ತೋಪಾಗಿ ಕಂಡಿತು.

ಮುಂದೆ ಕೂತಿದ್ದ ಅಜ್ಜಿಯೊಬ್ಬರು ಮೆಲ್ಲಗೆ ಎಂದರು: "ಸ್ವಾಮಿ, ನೀವು ನಿಂತಿರೋದು ನಮ್ಮ ಅವರೆ ಹೊಲ. ಮದುವೆಯಾಗಿ ಬಂದಾಗಿಂದ ಇಲ್ಲಿ ಅವರೆ ಬೆಳೀತಿದೀನಿ. ಗಂಟ್ಲು ಒಣಗಿರ್ಬೇಕು, ನೀರು ಕೊಡ್ಲಾ?"

ಕಸಿ

ಸಸಿಯನ್ನು ಆ ಅಜ್ಜಿಯ ಮನೆ ಮುಂದೆಯೇ ನೆಟ್ಟೆ. ಕಾಂಡದ ಗಂಟು ಮುಟ್ಟಿ ಅವರು ಕೇಳಿದರು: "ಇದೇನು?"

"ಬೇರು ನಾಟಿ ಗಿಡದ್ದು, ಮೇಲಿನ ರೆಂಬೆ ಒಳ್ಳೇ ಜಾತೀದು. ಎರಡನ್ನೂ ಕೂಡಿಸಿದೀವಿ."

"ಬೇರೆ ಬೇರೆ ಮನೇವು. ಹೊಂದ್ಕೊಂಡ್ ಹೋಗ್ತಾವಾ?"

"ಹೋಗ್ತಾವೆ."

ಅಜ್ಜಿ ಸೊಸೆಯ ಕಡೆ ತಿರುಗಿದರು. "ನೋಡಿ ಕಲ್ತ್ಕೋ."

ಸೊಸೆ ರಂಗೋಲಿಯಿಂದ ತಲೆ ಎತ್ತಲಿಲ್ಲ. "ಅಲ್ಲಿ ಅತ್ತೆ ಇಲ್ವಲ್ಲ."

ಹೂವು

ಮರುವರ್ಷ ಶಿವರಾತ್ರಿಯ ಹೊತ್ತಿಗೆ, ಮೊಣಕಾಲೆತ್ತರದ ಆ ಗಿಡ ಹೂ ಬಿಟ್ಟಿತು. ಎಳೆ ಕಸಿಗಿಡದ ಹೂ ಚಿವುಟಬೇಕು. ಇಲ್ಲದಿದ್ದರೆ ಶಕ್ತಿಯೆಲ್ಲ ಹೂವಿಗೇ ಹೋಗಿ ಗಿಡ ಸೊರಗುತ್ತದೆ. ಅದಕ್ಕೆಂದೇ ಸಾಹೇಬರು ಕತ್ತರಿ ಹಿಡಿದು ನನ್ನೊಡನೆ ಬಂದರು.

ಗಿಡದ ಬುಡಕ್ಕೆ ಅರಿಶಿನ ಕುಂಕುಮ, ರೆಂಬೆಗಳಿಗೆ ಹಸಿರು ಬಳೆ. ಸುತ್ತ ಹೆಂಗಸರು ಸೋಬಾನೆ ಹಾಡುತ್ತಿದ್ದರು. ಮಾವಿನ ಹೂವಿನ ಪರಿಮಳಕ್ಕೋ ಹಾಡಿಗೋ, ನಾವು ಬಂದ ಕೆಲಸವನ್ನೇ ಮರೆತು ನಿಂತೆವು.

"ಚೊಚ್ಚಲ ಬಸುರಿ," ಎಂದರು ಅಜ್ಜಿ, ಕತ್ತರಿಯನ್ನು ನೋಡುತ್ತ. "ನೀವು ಇವ್ಳಿಗೆ ಏನಾಗ್ಬೇಕು?"

ಸಾಹೇಬರು ಕತ್ತರಿಯನ್ನು ಜೇಬಿಗಿಳಿಸಿದರು. "ನಾವು... ತೌರಿನ ಕಡೆಯೋರು."

"ಹಾಗಾದ್ರೆ ಒಳ್ಳೇದಾಯ್ತು. ಚೊಚ್ಚಲ ಬಾಣಂತನ ತೌರಿನೋರ್ದೇ ಅಲ್ವಾ. ನೀರು, ಗೊಬ್ಬರ ಎಲ್ಲ ನಿಮ್ದು."

ಸಾಹೇಬರು ತಾಂಬೂಲ ತೆಗೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಬಾಣಂತನ ಮುಗಿಯೋ ತನಕ ನಿಮಗೆ ವರ್ಗ ಇಲ್ಲ ರೀ. ಬಿಂದಿಗೆ ತಗೊಳ್ಳಿ."