ಹದಿನೆಂಟು ಕುದುರೆಗೆ ಒಂದು ಕೈ

ಹೆಂಡತಿ ತವರಿಗೆ ಹೋದರೆ ಗಂಡನಿಗೆ ಸ್ವರ್ಗ ಎಂದವನು ಯಾರೋ, ಅವನಿಗೆ ಮುದ್ದೆ ತೊಳಸಲು ಬರುತ್ತಿದ್ದಿರಬೇಕು. ನನಗೆ ಬರುವುದಿಲ್ಲ. ನಮ್ಮವ್ವ ಪಿಳ್ಳಮ್ಮನಿಗೆ ಬರುತ್ತದೆ, ಆದರೆ ಸೊಸೆ ಮನೆ ಬಿಟ್ಟ ದಿನದಿಂದ ಅವಳ ಮುದ್ದೆಯಲ್ಲಿ ಗಂಟು ಹೆಚ್ಚಾಗಿದೆ, ಮಾತಿನಲ್ಲಿ ಇನ್ನೂ ಹೆಚ್ಚು.

ಅಮ್ಮಣ್ಣಿ ಜಗಳವಾಡಿ ಹೋದವಳಲ್ಲ. ಜಗಳವಾದರೆ ರಾಜಿಗಾದರೂ ಒಂದು ದಾರಿ ಇರುತ್ತದೆ. ಅವಳು ನ್ಯಾಯ ಹೇಳಿ ಹೋದಳು. ದೊಡ್ಡನೆಕ್ಕುಂದಿಯ ನಮ್ಮ ಮನೆಯ ಹಿಂದೆ ಮೊದಲು ಹೊಂಗೆ ಮರಗಳ ಬೀಳು ಇತ್ತು. ಹೆಂಗಸರು ಬೆಳಕು ಹರಿಯುವ ಮೊದಲು ಚೊಂಬು ಹಿಡಿದು ಹೋಗಿಬರುತ್ತಿದ್ದರು. ಆ ಜಾಗಕ್ಕೆ ಒಂದು ಫ್ಯಾಕ್ಟರಿ ಬಂತು. ಫ್ಯಾಕ್ಟರಿಯ ಹಿಂದೆ ಕಾಂಪೌಂಡು ಬಂತು, ಕಾಂಪೌಂಡಿನ ಹಿಂದೆ ಲೈಟು ಕಂಬ, ಕಂಬದ ಬುಡಕ್ಕೆ ಒಬ್ಬ ವಾಚ್‌ಮನ್. ಕತ್ತಲು ಎನ್ನುವುದೇ ನಮ್ಮ ಬೀದಿಯಿಂದ ಎತ್ತಂಗಡಿಯಾಯಿತು. ಒಂದು ಮುಂಜಾನೆ ಶಿಫ್ಟು ಬಸ್ಸು ತಿರುಗಿಕೊಳ್ಳುವಾಗ ಅದರ ಎರಡೂ ದೀಪ ನೇರವಾಗಿ ಅಮ್ಮಣ್ಣಿಯ ಮೇಲೆ ಬಿದ್ದವು. ಅವಳು ಮನೆಗೆ ಬಂದು ಚೊಂಬನ್ನು ನನ್ನ ಮುಂದೆ ಕುಕ್ಕಿದಳು.

"ಬೇಗೂರಲ್ಲಿ ನಮ್ಮಪ್ಪನ ಮನೇಲಿ ಕಕ್ಕಸ್ಸದೆ. ನಾ ಅಲ್ಲಿಗೋಯ್ತೀನಿ. ಇಲ್ಲಿ ಗುಂಡಿ ತೋಡ್ಸಿ ಏಳಿಕಳ್ಸಿ, ಬತ್ತೀನಿ."

"ಎಷ್ಟಾಳ?"

"ಅತ್ತಡಿ. ಒಂದಡಿ ಕಮ್ಮಿ ಆದ್ರೂ ನಾ ಬರಾಕಿಲ್ಲ."

ನನಗೆ ನಾಚಿಕೆಯಾಯಿತು. ಕಂಬ ನೆಟ್ಟ ದಿನವೇ ಗುಂಡಿ ತೋಡಿಸಬೇಕಾಗಿತ್ತು. ಆದರೆ ನಾಚಿಕೆಯಾದ ಗಂಡಸು ಸುಮ್ಮನೆ ಕೆಲಸ ಮಾಡಿ ಮುಗಿಸುವುದಿಲ್ಲ, ದೊಡ್ಡ ಕೆಲಸ ಮಾಡಿ ತೋರಿಸಲು ಹೊರಡುತ್ತಾನೆ.

"ಎಲ್ಡಾಳು ಕರ್ದು ಗುದ್ಲಿ ಕೊಡ್ಲಾ ಶ್ಯಾಮ," ಎಂದಳು ಅವ್ವ.

"ಅವ್ವ, ಇದು ಎಂಬತ್ನಾಕ್ನೇ ಇಸ್ವಿ. ಟ್ರ್ಯಾಕ್ಟರ್ ಮಡಿಕಂಡು ಗುದ್ಲಿ ಇಡ್ಕೊಳದಾ?"

ನಮ್ಮ ಟ್ರ್ಯಾಕ್ಟರಿನ ವಿಷಯ ಹೇಳಬೇಕು. ನಮ್ಮದು ದ್ರಾಕ್ಷಿ ತೋಟ. ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರು ಹೋಗುವುದಿಲ್ಲ ಎಂದು ಹದಿನೆಂಟು ಹಾರ್ಸ್ ಪವರಿನ ಪುಟ್ಟದೊಂದನ್ನು ತಂದಿದ್ದೆ. (ಊರಿನವರು ಅದನ್ನು ಕರು ಎನ್ನುತ್ತಾರೆ. ಅವರ ಎದುರಿಗೆ ನಾನು ನಗುತ್ತೇನೆ.) ಫ್ಯಾಕ್ಟರಿಯ ಪಾಯ ತೆಗೆಯುವಾಗ ಹಳದಿ ಯಂತ್ರವೊಂದು ಉದ್ದನೆಯ ಕಬ್ಬಿಣದ ಕೈ ಚಾಚಿ, ತುದಿಯ ಹಲ್ಲಿನ ಬುಟ್ಟಿಯಿಂದ ಮಣ್ಣು ಮೊಗೆದು ಮೊಗೆದು ಹಾಕುವುದನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದ್ದೆ. ಅಂಥದ್ದೇ ಕೈಯನ್ನು ಸಾಮಾನ್ಯ ಟ್ರ್ಯಾಕ್ಟರಿನ ಹಿಂದಕ್ಕೂ ಜೋಡಿಸಬಹುದಂತೆ, ಪೀಣ್ಯದಲ್ಲಿ ಮಾಡಿಕೊಡುತ್ತಾರಂತೆ. ನಮ್ಮ ಗುಂಡಿಯೂ ಆಯಿತು, ಮಹದೇವಪುರದವರೆಗೆ ಏಳುತ್ತಿರುವ ಮನೆಗಳ ಗುಂಡಿಯೂ ನಮ್ಮದೇ. ಅಮ್ಮಣ್ಣಿ ಕಕ್ಕಸ್ಸು ಕೇಳಿದಳು, ನಾನು ಸಾಮ್ರಾಜ್ಯ ಕಟ್ಟಲು ಹೊರಟೆ.

ಅವ್ವ ತಾನೂ ಬರುತ್ತೇನೆಂದಳು. ಎತ್ತು ತರಲು ಗಂಡಸರನ್ನೇ ಕಳಿಸಿದರೆ ಕುಂಟೆತ್ತು ಹೊಡೆದುಕೊಂಡು ಬರುತ್ತಾರೆ ಎಂಬುದು ಅವಳ ಸಿದ್ಧಾಂತ.

ಪೀಣ್ಯದ ಆ ವರ್ಕ್‌ಶಾಪಿನ ಯಜಮಾನರು ವೆಂಕಟಸುಬ್ಬಯ್ಯ. ದಪ್ಪ ಕನ್ನಡಕ, ಕೈತುಂಬ ಗ್ರೀಸು, ಮಾತು ಮಾತ್ರ ಬಹಳ ಚೊಕ್ಕಟ. ಅವರ ಶೆಡ್ಡಿನಲ್ಲಿ ಹಳದಿ ಬಣ್ಣ ಬಳಿದುಕೊಂಡ ಮೂರು ಕೈಗಳು ತಮ್ಮ ಕಬ್ಬಿಣದ ಕಾಲುಗಳ ಮೇಲೆ ನಿಂತಿದ್ದವು. ಒಂದು ಚಿಕ್ಕದು, ಒಂದು ನಡುವಿನದು, ಒಂದು ದೊಡ್ಡದು. ಅವ್ವ ನೇರವಾಗಿ ಚಿಕ್ಕದರ ಬುಟ್ಟಿಗೆ ಕೈ ಹಾಕಿ ಹಲ್ಲು ಎಣಿಸಿದಳು.

"ಮೂರಲ್ಲು. ಮೂರಲ್ಲಿನ ಎತ್ತು ಎಲ್ಲಾರಾ ಉಂಟಾ? ಇದು ಉಟ್ಟಿನಲ್ಲೇ ದೋಸ."

"ಅಮ್ಮ, ಅದು ಬಕೆಟ್ಟಿನ ಹಲ್ಲು. ವಯಸ್ಸಿಗೂ ಅದಕ್ಕೂ ಸಂಬಂಧ ಇಲ್ಲ," ಎಂದರು ವೆಂಕಟಸುಬ್ಬಯ್ಯ.

ಅವ್ವ ಕೇಳಿಸಿಕೊಳ್ಳಲಿಲ್ಲ. ದೊಡ್ಡದರ ಹತ್ತಿರ ಹೋದಳು. "ಆರಲ್ಲು. ಉಳಾಕೆ ಸರ್ಯಾದ ವಯಸ್ಸು. ಇದುನ್ನ ಇಡ್ಕೊ," ಎಂದು ಅದರ ಬೆನ್ನು ತಟ್ಟಿದಳು.

ವೆಂಕಟಸುಬ್ಬಯ್ಯ ನನ್ನ ಕಡೆ ತಿರುಗಿದರು. "ನಿಮ್ಮ ಟ್ರ್ಯಾಕ್ಟರ್ ಎಷ್ಟು ಹಾರ್ಸ್ ಪವರ್ ಸಾರ್?"

ಇಲ್ಲಿ ಓದುಗರು ಒಂದು ಮಾತು ತಿಳಿದುಕೊಳ್ಳಬೇಕು. ನಮ್ಮ ಮನೆತನಗಳಲ್ಲಿ ಹೆಣ್ಣು ಕೇಳಲು ಹೋದಾಗ ಗಂಡಿನವರು ಎಲ್ಲವನ್ನೂ ಎರಡರಷ್ಟು ಹೇಳುವುದು ರೂಢಿ. ಅದು ಸುಳ್ಳಲ್ಲ, ಮರ್ಯಾದೆ. ಹೆಣ್ಣಿನವರು ಅದನ್ನು ಮನಸ್ಸಿನಲ್ಲೇ ಅರ್ಧ ಮಾಡಿಕೊಳ್ಳುವುದೂ ರೂಢಿ. ನನ್ನ ಮದುವೆಯ ಮಾತಿನಲ್ಲಿ ಅವ್ವ ಆರೆಕರೆ ತೋಟ ಎಂದಳು, ಮಾವ ನರಸಪ್ಪನವರು ಮೂರು ಎಂದು ತಿಳಿದರು, ಇದ್ದದ್ದು ಮೂರೇ. ಯಾರಿಗೂ ಮೋಸವಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದವನ ಗತಿ ಯೋಚಿಸಿ. ಮೂರನ್ನು ಒಂದೂವರೆ ಎಂದುಕೊಂಡು ಹೆಣ್ಣಿನವರು ಚಾಪೆ ಮಡಿಸಿಬಿಡುತ್ತಾರೆ.

"ಮೂವತ್ತಾರು," ಎಂದೆ. ಅವ್ವ ಮೆಚ್ಚಿ ತಲೆಯಾಡಿಸಿದಳು.

ಅವರ ಮುಖ ಅರಳಿತು. "ಒಳ್ಳೇದು. ಮುಂದಗಡೆ ತೂಕ ಕಟ್ಟಿದೀರಾ?"

"ಬೇಕಾದಷ್ಟು." (ಒಂದು ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ ಕಟ್ಟಿದ್ದೆವು.)

"ಯಾಕೆ ಕೇಳ್ತೀನಿ ಅಂದ್ರೆ, ಹಿಂದಿನ ಕೈ ಭಾರ ಜಾಸ್ತಿ ಆಗ್ಬಿಟ್ರೆ ಗಾಡಿ ಮೂತಿ ಎತ್ತಿಬಿಡತ್ತೆ. ಇನ್ನೊಂದ್ಸಲ ಕೇಳ್ತೀನಿ, ಮೂವತ್ತಾರು ತಾನೆ?"

"ಒಂದ್ಸಲ ಏಳುದ್ಮೇಲೆ ಆಯ್ತು," ಎಂದು ಅವ್ವ ಸೆರಗು ಬಿಗಿದಳು. "ಎಣ್ಣಿನೋರೂ ಇಂಗೆ ಎಲ್ಡೆಲ್ಡ್ ಸಲ ಕೇಳ್ನಿಲ್ಲ."

"ಹಾಗಾದ್ರೆ ದೊಡ್ಡದೇ ತಗೊಳ್ಳಿ. ಆ ಚಿಕ್ಕದು ಹದಿನೆಂಟು ಇಪ್ಪತ್ತರ ಗಾಡಿಗೆ. ನಿಮಗೆ ಅದು ಆಟದ ಸಾಮಾನು."

ಈ ಮನುಷ್ಯ ಅರ್ಧ ಮಾಡಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ನಂಬುವ ಜನ ಇನ್ನೂ ಇದ್ದಾರೆಂದು ನನಗೆ ಹೇಗೆ ಗೊತ್ತಾಗಬೇಕು? ಆ ಮೂರು ಹಲ್ಲಿನ ಚಿಕ್ಕದರ ಕಡೆ ಒಮ್ಮೆ ನೋಡಿದೆ. ಬಾಯಿ ತೆರೆದು ನಿಜ ಹೇಳಲು ಅದೇ ಹೊತ್ತು. ಆದರೆ ಮೂವತ್ತಾರು ಎಂದವನು ಒಂದೇ ನಿಮಿಷದಲ್ಲಿ ಹದಿನೆಂಟು ಎಂದರೆ ಅವರು ಇನ್ನು ಒಂಬತ್ತು ಎಂದುಕೊಳ್ಳುವುದಿಲ್ಲವೆ? ದೊಡ್ಡದನ್ನೇ ಕೊಂಡೆ.

ಕೈ ಬರುವ ದಿನಕ್ಕೆ ಬೇಗೂರಿಗೆ ಹೇಳಿಕಳಿಸಿದೆ. ಗುಂಡಿ ತೋಡಿದ ಮೇಲೆ ಹೇಳಿಕಳಿಸಿದ್ದರೆ ಸಾಕಿತ್ತು, ಆದರೆ ತೋಡುವುದನ್ನು ಅವಳು ನೋಡಬೇಡವೆ? ಮಾವನವರು ಅಮ್ಮಣ್ಣಿಯನ್ನು ಕರೆದುಕೊಂಡು ಬಂದರು. ಅವಳು ಜಗಲಿಯ ಹತ್ತಿರ ನಿಂತಳು, ಕೈಯಲ್ಲಿದ್ದ ಬ್ಯಾಗು ಮಾತ್ರ ಕೆಳಗಿಡಲಿಲ್ಲ.

ಲಾರಿಯಲ್ಲಿ ಬಂದ ಫಿಟ್ಟರು ಕೈಯನ್ನು ಇಳಿಸಿ, ಅದರ ಎರಡು ಕಾಲು ನೆಲಕ್ಕೆ ಊರಿ, ಟ್ರ್ಯಾಕ್ಟರಿನ ಹಿಂದಕ್ಕೆ ಬೋಲ್ಟು ಬಿಗಿದ. ಆಮೇಲೆ ದೂರ ನಿಂತು ಒಮ್ಮೆ ಟ್ರ್ಯಾಕ್ಟರನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ.

"ಓನರ್‌ಗೆ ಹೇಳಿದ ಗಾಡಿ ಇದೇನಾ ಸಾರ್?"

"ಇದೇ."

ಅವನು ಇನ್ನೇನೂ ಕೇಳದೆ ಲಾರಿ ಹತ್ತಿ ಹೊರಟುಹೋದ. ಪೂಜೆಯ ಪ್ರಸಾದಕ್ಕೂ ಕಾಯಲಿಲ್ಲ.

ಅವ್ವ ಕುಂಬಳಕಾಯಿ ಒಡೆದು ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣು ಇಟ್ಟಳು. ನಾನು ಸೀಟು ಹತ್ತಿ, ಪೇಟ ಸರಿಮಾಡಿಕೊಂಡು, ಇಂಜಿನ್ ಶುರು ಮಾಡಿ, ಹಿಂದಕ್ಕೆ ಕೈ ಚಾಚಿ ಸನ್ನೆಕೋಲು ಎಳೆದೆ. ನೆಲಕ್ಕೆ ಊರಿದ್ದ ಕಬ್ಬಿಣದ ಕಾಲುಗಳು ಮೇಲೆದ್ದವು. ಅವುಗಳ ಜೊತೆ ನಾನೂ ಎದ್ದೆ.

ಮೊದಲು ನನಗೆ ಎದುರಿಗಿದ್ದ ಅಮ್ಮಣ್ಣಿ ಕಾಣುತ್ತಿದ್ದಳು. ಆಮೇಲೆ ಮನೆಯ ಹಂಚು ಕಂಡಿತು. ಆಮೇಲೆ ಫ್ಯಾಕ್ಟರಿಯ ಲೈಟು ಕಂಬದ ತುದಿ, ಕೊನೆಗೆ ಬರೀ ಆಕಾಶ. ನಮ್ಮ ಕರು ಹಿಂಗಾಲಿನ ಮೇಲೆ ಕುಳಿತು ಮೂತಿಯನ್ನು ಮೋಡಕ್ಕೆ ಎತ್ತಿತ್ತು. ವಾಚ್‌ಮನ್ ಕಾಂಪೌಂಡಿನ ಮೇಲೆ ತಲೆ ಹಾಕಿ ಹಾಗೆಯೇ ನಿಂತುಬಿಟ್ಟ. ಅಷ್ಟರಲ್ಲಿ ಎರಡನೇ ಶಿಫ್ಟಿನ ಬಸ್ಸು ಬಂದು ನಿಂತಿತು, ಕಿಟಕಿ ಕಿಟಕಿಯಲ್ಲೂ ಒಂದೊಂದು ಮುಖ. ಅದೇ ಬಸ್ಸು. ಅದರ ದೀಪ ಮೈಮೇಲೆ ಬಿದ್ದಾಗ ಅಮ್ಮಣ್ಣಿಗೆ ಏನಾಗಿತ್ತು ಎಂದು ನನಗೆ ಆಗ ಚೆನ್ನಾಗಿ ಅರ್ಥವಾಯಿತು.

ಮಾವನವರಿಗೆ ಮೊದಲು ಬುದ್ಧಿ ಬಂತು. ಹಗ್ಗ ಎಸೆದು ಮುಂದಿನ ಅಚ್ಚಿಗೆ ಜೋತುಬಿದ್ದರು. ಮೂತಿ ಇಳಿಯಲಿಲ್ಲ, ಅವರ ಕಾಲೇ ನೆಲ ಬಿಟ್ಟಿತು. ಒರಳುಕಲ್ಲು ತಂದು ಕಟ್ಟೋಣ ಎಂದರು. "ಒರಳುಕಲ್ಲು ಕೊಟ್ರೆ ನಾಳೀಕೆ ಕಾರ ಯಾವುದ್ರಾಗೆ ರುಬ್ಲಿ?" ಎಂದು ಅವ್ವ ಅಡ್ಡ ನಿಂತಳು. ನಾನು ಸ್ಟೀರಿಂಗನ್ನು ಅಪ್ಪಿಕೊಂಡು ಮನೆದೇವರನ್ನು ಕರೆಯುತ್ತಿದ್ದೆ.

"ಎಳ್ದಿರೋ ಸನ್ನೇನ ವಾಪ್ಸು ತಳ್ಳಿ," ಎಂದಳು ಅಮ್ಮಣ್ಣಿ.

ತಳ್ಳಿದೆ. ಕಾಲುಗಳು ಇಳಿದು ನೆಲಕ್ಕೆ ಊರಿದವು, ಕರು ಮೆಲ್ಲಗೆ ಮೂತಿ ಇಳಿಸಿತು. ಆಕಾಶ ಹೋಗಿ ಮತ್ತೆ ಅಮ್ಮಣ್ಣಿ ಬಂದಳು. ಅವ್ವ ಅಷ್ಟರಲ್ಲೇ ಬಗ್ಗಿ ಏನನ್ನೋ ಮಡಿಲಿಗೆ ಹಾಕಿಕೊಂಡಿದ್ದಳು.

"ಮುಂದಿನ್ ನಿಂಬೆಅಣ್ಣು ಎಲ್ಡೂ ಅಂಗೇ ಅವೆ. ಉಪ್ಪಿನ್ಕಾಯ್ಗಾಯ್ತವೆ," ಎಂದಳು.

"ಪೀಣ್ಯದಲ್ಲಿ ಏನಂತ ಏಳಿದ್ರಿ?" ಅಮ್ಮಣ್ಣಿ ಕೇಳಿದಳು.

"ಮೂವತ್ತಾರು."

"ಏಳುದ್ರೆ ಏನಾಯ್ತು, ಅವ್ರು ಅರ್ಧ ಮಾಡ್ಕಳ್ನಿಲ್ವಾ?" ಎಂದರು ಮಾವ.

"ಇಲ್ಲ ಮಾವ. ಪೂರ್ತಿ ನಂಬುಬುಟ್ರು."

ಮಾವನವರು ಟವೆಲ್ಲು ಬಾಯಿಗೆ ಒತ್ತಿಕೊಂಡರು. ಟ್ರ್ಯಾಕ್ಟರು ಎದ್ದು ನಿಂತಾಗಲೂ ಅವರು ಅಷ್ಟು ಬೆಚ್ಚಿರಲಿಲ್ಲ. "ಎಂಥಾ ಜನ ಅವ್ರೆ ಪರ್ಪಂಚದಾಗೆ," ಎಂದರು. ಅವ್ವನೂ ಕೆನ್ನೆ ಕೆನ್ನೆ ಬಡಿದುಕೊಂಡಳು. ಅಮ್ಮಣ್ಣಿ ಮಾತ್ರ ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು.

"ಗುಂಡಿ ಆದ್ಮೇಲೆ ಏಳಿಕಳ್ಸಿ," ಎಂದಳು. "ಅತ್ತಡಿ."

ಪೀಣ್ಯಕ್ಕೆ ಓಡಿದೆ. ಚಿಕ್ಕದು ಆಗಲೇ ಬೇರೆಯವರ ಪಾಲಾಗಿತ್ತು. ವೆಂಕಟಸುಬ್ಬಯ್ಯನವರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಇನ್ನೊಂದು ತಯಾರಾದಾಗ ಬದಲಾಯಿಸಿ ಕೊಡುತ್ತೇನೆ, ಸಂಕ್ರಾಂತಿ ಕಳೆಯಲಿ ಎಂದರು. ಅಲ್ಲಿಯವರೆಗೆ ಅಮ್ಮಣ್ಣಿ ಬೇಗೂರಿನಲ್ಲಿ, ನಾನು ಗಂಟು ಮುದ್ದೆಯಲ್ಲಿ. ಆಳುಗಳನ್ನು ಹುಡುಕಿದೆ. ಗುದ್ದಲಿ ಹಿಡಿಯುವವರೆಲ್ಲ ಅದೇ ಫ್ಯಾಕ್ಟರಿಯೊಳಗೆ ಕೂಲಿಗೆ ಸೇರಿದ್ದರು.

ಕೊನೆಗೆ ಪೇಟ ಬಿಚ್ಚಿಟ್ಟು ನಾನೇ ಗುದ್ದಲಿ ಹಿಡಿದೆ. ಮೇಲೆ ಕೆಮ್ಮಣ್ಣು, ಕೆಳಗೆ ಜಲ್ಲಿ, ಅದರ ಕೆಳಗೆ ನನ್ನ ಪೂರ್ವಜನ್ಮದ ಕರ್ಮ. ಅಂಗೈ ಬೊಬ್ಬೆ ಬಂತು, ಬೊಬ್ಬೆ ಒಡೆಯಿತು, ಸೊಂಟ ಎಲ್ಲಿದೆಯೆಂದು ಚೆನ್ನಾಗಿ ತಿಳಿಯಿತು. ಅವ್ವ ಹಗ್ಗ ಕಟ್ಟಿದ ಮಂಕರಿಯಲ್ಲಿ ಮಣ್ಣು ಮೇಲೆಳೆದುಕೊಂಡಳು. ಹಳದಿ ಕೈ ನಮ್ಮ ಟ್ರ್ಯಾಕ್ಟರ್ ಶೆಡ್ಡಿನ ಪಕ್ಕದಲ್ಲಿ ನಿಂತು ನೋಡುತ್ತಿತ್ತು, ಅದರ ಬುಟ್ಟಿಯಲ್ಲಿ ನಮ್ಮ ಹ್ಯಾಟೆ ಕೋಳಿ ಕಾವಿಗೆ ಕುಳಿತಿತ್ತು. ಆದರೂ ಒಂದು ಮಾತು ನಿಜ. ಗುಂಡಿಯ ಗೋಡೆ ನನ್ನ ತಲೆ ದಾಟಿ ಮೇಲೇರಿದಾಗ ನನಗೆ ಮದುವೆಯ ದಿನದಷ್ಟು ಸಂತೋಷವಾಯಿತು. ಟೇಪು ಹಿಡಿದು ಅಳೆದೆ. ಸರಿಯಾಗಿ ಹತ್ತಡಿ. ಜನ್ಮದಲ್ಲಿ ಮೊದಲ ಸಲ ಇದ್ದದ್ದನ್ನು ಇದ್ದ ಹಾಗೆಯೇ ಬೇಗೂರಿಗೆ ಹೇಳಿಕಳಿಸಿದೆ.

ಮರುದಿನ ನಾನು ತಳ ಮಟ್ಟ ಮಾಡುತ್ತಿದ್ದಾಗ ಮೇಲೆ ಮಾವನವರ ತಲೆ ಕಂಡಿತು. ಅವರ ಪಕ್ಕದಲ್ಲಿ ಅವ್ವನ ತಲೆ. ಮೂರನೆಯ ತಲೆಗಾಗಿ ಕಾದೆ. ಬರಲಿಲ್ಲ.

"ಅಮ್ಮಣ್ಣಿ ಎಲ್ಲಿ ಮಾವ?"

"ಬತ್ತಾಳೆ. ಬ್ಯಾಗು ಕಟ್ಟಿ ಬಾಗ್ಲಾಗ್ ಮಡಗವಳೆ. ನೀವು ಅತ್ತಡಿ ಆಯ್ತು ಅಂತ ಏಳಿಕಳ್ಸಿದ್ರಲ್ಲ? ಅಂಗಾದ್ರೆ ಐದಡಿ ಆಗ್ಯದೆ, ಮಿಕ್ಕಿದ್ ಐದಡೀನೂ ತೋಡ್ಬುಟ್ಟು ಏಳಿಕಳ್ಸಾಕೆ ಏಳಪ್ಪೊ ಅಂದ್ಲು."

ಗುದ್ದಲಿ ಬದಿಗೆಸೆದೆ. "ಮಾವ, ನೀವೇ ಕಣ್ಣಾರೆ ನೋಡ್ತಿದೀರಲ್ಲ. ಇದು ನಿಜವಾದ ಅತ್ತಡಿ."

ಅವರು ಒಮ್ಮೆ ಒಳಕ್ಕೆ ಬಗ್ಗಿ ನೋಡಿ, ಹಿಂದೆ ಸರಿದರು. "ಮಗ್ಳು ಮಾಡಿರೋ ಲೆಕ್ಕ ಕನಪ್ಪ. ನಾನೆಂಗೆ ತಪ್ಪು ಅನ್ಲಿ?"

ಮಾವನವರು ಬರೀ ಮಾತು ತಲುಪಿಸುವವರು, ನಾನು ಅಳಿಯ, ಯಾರಿಗೆ ದೂರುವುದು? ಬೇಗೂರಿಗೆ ನಾನೇ ಹೋಗಿ ಟೇಪು ಹಿಡಿದು ಸತ್ಯ ಮಾಡುತ್ತೇನೆಂದು ನಿಶ್ಚಯಿಸಿದೆ. ನಾನು ಇಳಿದಿದ್ದ ಏಣಿಯನ್ನು ಅವ್ವ ಆಗಲೇ ಮೇಲಕ್ಕೆ ಎಳೆದುಕೊಂಡಿದ್ದಳು.

"ಅವ್ವ, ಏಣಿ ಇಳಿಬುಡು," ಎಂದೆ.

ಅವ್ವ ಮೇಲಿನಿಂದ ನನ್ನನ್ನು ಸಾವಧಾನವಾಗಿ ನೋಡಿದಳು.

"ಐದಡಿಗೆ ಏಣಿ ಯಾಕ್ಲಾ?" ಎಂದಳು.